ಎಡಗೈ ರೀಲು

ಅಣ್ಣ ಮತ್ತೆ ಹೊಳೆಗೆ ಹೋಗುತ್ತಿದ್ದಾನೆ ಎಂಬ ಸುದ್ದಿಯನ್ನು ಫೋರ್‌ಮನ್ನನಿಗೆ ಮುಟ್ಟಿಸಿದವಳು ಅವನ ಹೆಂಡತಿ. ಇಸ್ತ್ರಿಪೆಟ್ಟಿಗೆ ಓಡಿಸುತ್ತ, ತಲೆ ಎತ್ತದೆ ಹೇಳಿದಳು. ಒಡ್ಡಿನ ಕೆಳಗೆ ಬಂಡೆಯ ಮೇಲೆ ಕೂತಿರುತ್ತಾರಂತೆ. ಕೋಲಿಲ್ಲ, ರೀಲಿಲ್ಲ. ಬರೀ ತಂಗೂಸಿ ದಾರವನ್ನು ಎಡಗೈಗೆ ಸುತ್ತಿಕೊಂಡು ಬೀಸಿ ಎಸೆಯುತ್ತಾರಂತೆ. ಮೀನು ಕಚ್ಚಿದಾಗ ದಾರವನ್ನು ಹಲ್ಲಿನಲ್ಲಿ ಹಿಡಿದು, ಎಡಗೈಯಲ್ಲಿ ಎಳೆದು, ಮತ್ತೆ ಹಲ್ಲಿನಲ್ಲಿ ಹಿಡಿದು, ಹೀಗೆ ದಡಕ್ಕೆ ತರುತ್ತಾರಂತೆ. ಹೋದ ವಾರ ತುಟಿ ಸೀಳಿಕೊಂಡು ಮನೆಗೆ ಬಂದರಂತೆ.

ಫೋರ್‌ಮನ್ ತಿನ್ನುತ್ತಿದ್ದ ರೊಟ್ಟಿಯನ್ನು ಹಾಗೇ ತಟ್ಟೆಯಲ್ಲಿ ಬಿಟ್ಟು ಕೈ ತೊಳೆದ. ‘ಯಾರು ಹೇಳಿದ್ದು?’ ಎಂದು ಕೇಳಲಿಲ್ಲ. ಕೇಳಿದ್ದರೆ ಮಾತು ಎಲ್ಲಿಗೆ ಹೋಗುತ್ತದೋ ಎಂಬ ಭಯ. ಅಣ್ಣನ ಸುದ್ದಿ ಬಂದಾಗೆಲ್ಲ ಅವನು ಹೀಗೇ. ಹನ್ನೊಂದು ವರ್ಷದಿಂದ ಅವನಿಗೆ ಆ ಭಯ ಅಂಟಿಕೊಂಡಿತ್ತು.

ಅಣ್ಣ ತಮ್ಮ ಇಬ್ಬರೂ ಒಂದೇ ಡಬ್ಬಿ ಕಾರ್ಖಾನೆಯಲ್ಲಿದ್ದವರು. ಬಣ್ಣದ ಡಬ್ಬಿ, ಎಣ್ಣೆ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಎಲ್ಲಕ್ಕೂ ತಗಡಿನ ಮುಚ್ಚಳ ಒತ್ತುವ ಕೆಲಸ. ಅಣ್ಣ ಮೊದಲು ಸೇರಿದವನು. ತಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದವನೂ ಅವನೇ. ಅಣ್ಣ ಮುಚ್ಚಳ ಒತ್ತುವ ಪ್ರೆಸ್ ಯಂತ್ರ ನಡೆಸುತ್ತಿದ್ದ. ತಮ್ಮ ಸೆಟ್ಟರ್, ಅಂದರೆ ಪ್ರೆಸ್ಸಿಗೆ ಅಚ್ಚು ಕೂರಿಸುವುದು, ನಟ್ಟು ಬೋಲ್ಟು ಬಿಗಿಯುವುದು, ಕಳಚುವುದು ಅವನ ಪಾಲಿನ ಕೆಲಸ. ಸ್ಪ್ಯಾನರು ಅವನ ಕೈಯ ಆರನೆಯ ಬೆರಳು ಎಂದು ಅಣ್ಣನೇ ಹೆಮ್ಮೆಯಿಂದ ಹೇಳುತ್ತಿದ್ದ.

ರಜೆ ಬಂತೆಂದರೆ ಅಣ್ಣ ಹೊಳೆಯಲ್ಲಿ. ನೀರಿಗೆ ಮೊಣಕಾಲುದ್ದ ಇಳಿದು, ಅಲ್ಲಾಡದೆ ಗಂಟೆಗಟ್ಟಲೆ ನಿಲ್ಲುತ್ತಿದ್ದುದರಿಂದ ಕಾರ್ಖಾನೆಯವರು ಅವನಿಗೆ ಕೊಕ್ಕರೆ ಎಂದೇ ಹೆಸರಿಟ್ಟಿದ್ದರು. ಅವನ ಹತ್ತಿರ ಉರುಳೆ ರೀಲು ಒಂದಿತ್ತು. ಉರುಳೆ ರೀಲನ್ನು ಎಲ್ಲರೂ ಪಳಗಿಸಲಾರರು. ಎಸೆದಾಗ ಉರುಳೆ ಗಿರ್ರನೆ ತಿರುಗುತ್ತದೆ. ಹೆಬ್ಬೆಟ್ಟನ್ನು ಅದರ ಮೇಲೆ ಹೂವಿನಷ್ಟು ಹಗುರವಾಗಿ ಇಟ್ಟಿರಬೇಕು, ದಾರದ ತುದಿಯ ಸೀಸದ ಗುಂಡು ನೀರು ಮುಟ್ಟಿದ ಕ್ಷಣಕ್ಕೆ ಒತ್ತಿ ನಿಲ್ಲಿಸಬೇಕು. ಒಂದು ರೆಪ್ಪೆ ಹೊಡೆಯುವಷ್ಟು ತಡವಾದರೂ ದಾರವೆಲ್ಲ ಗಂಟುಗಂಟಾಗಿ ಕೂದಲುಂಡೆಯ ಹಾಗೆ ಆಗುತ್ತದೆ. ಅಣ್ಣನ ಉರುಳೆ ಎಂದೂ ಸಿಕ್ಕಾದದ್ದನ್ನು ತಮ್ಮ ನೋಡಿರಲಿಲ್ಲ. ನಲವತ್ತು ಹೆಜ್ಜೆ ದೂರದಲ್ಲಿ ಟೋಪಿ ಇಟ್ಟರೆ ಸೀಸದ ಗುಂಡನ್ನು ಟೋಪಿಯೊಳಗೇ ಹಾಕುತ್ತಿದ್ದ.

ಆ ವರ್ಷ ಒಂದು ತಿಂಗಳು ಕಾರ್ಖಾನೆಗೆ ದುಪ್ಪಟ್ಟು ಆರ್ಡರು ಬಂತು. ಪ್ರೆಸ್ಸಿನ ಮುಂದೆ ಕಬ್ಬಿಣದ ಜಾಲರಿಯ ಗಾರ್ಡು ಇತ್ತು. ಅದು ಮುಚ್ಚಿದ ಹೊರತು ಪ್ರೆಸ್ಸು ಇಳಿಯುತ್ತಿರಲಿಲ್ಲ. ಅದು ಮುಚ್ಚಿ ತೆರೆಯುವ ಹೊತ್ತಿಗೆ ಇನ್ನೊಂದು ಮುಚ್ಚಳ ಆಗಿಹೋಗುತ್ತದೆ ಎಂದು ಮ್ಯಾನೇಜರ್ ತಮ್ಮನನ್ನು ಕರೆದು ಹೇಳಿದ. ತೆಗೆ ಎನ್ನಲಿಲ್ಲ. ‘ಯೋಚನೆ ಮಾಡು’ ಎಂದ. ತಮ್ಮ ಯೋಚನೆ ಮಾಡಿ ನಾಲ್ಕು ಬೋಲ್ಟು ಬಿಚ್ಚಿ ಗಾರ್ಡು ತೆಗೆದು, ಅದಿಲ್ಲದೆಯೂ ಪ್ರೆಸ್ಸು ಇಳಿಯುವ ಹಾಗೆ ಮಾಡಿದ. ಅಣ್ಣ ಬೆಳಗ್ಗೆ ಬಂದು ನೋಡಿ, ‘ಇದೇನೋ, ಬಾಗಿಲಿಲ್ಲದ ಮನೆ ಮಾಡಿದ್ದೀಯ’ ಎಂದು ನಕ್ಕು ಕೆಲಸಕ್ಕೆ ಕೂತ. ಮೂರನೆಯ ದಿನ ಊಟದ ಗಂಟೆಗೆ ಇನ್ನು ಹತ್ತು ನಿಮಿಷವಿರುವಾಗ ಪ್ರೆಸ್ಸು ಒಂದು ಸಲ ಇಳಿಯಬೇಕಾದದ್ದು ಎರಡು ಸಲ ಇಳಿಯಿತು.

ತಮ್ಮನಿಗೆ ಕೂಗು ಕೇಳಿತು. ಅವನು ಓಡಿದ್ದು ನಿಜ. ಆದರೆ ಅಣ್ಣನ ಕಡೆಗಲ್ಲ, ಗೋಡೆಯ ಮೇಲಿನ ದೊಡ್ಡ ಸ್ವಿಚ್ಚಿನ ಕಡೆಗೆ. ಸ್ವಿಚ್ಚು ಆರಿಸಿದ ಮೇಲೂ ಅಲ್ಲೇ ಗೋಡೆಗೆ ಮುಖ ಮಾಡಿ ನಿಂತಿದ್ದ. ಬೇರೆಯವರು ಅಣ್ಣನನ್ನು ಹೊತ್ತುಕೊಂಡು ಹೋದರು.

ವಿಚಾರಣೆಗೆ ಬಂದ ಅಧಿಕಾರಿ ಗಾರ್ಡು ತೆಗೆದವರು ಯಾರೆಂದು ಕೇಳಿದ. ಪಕ್ಕದಲ್ಲಿ ಮ್ಯಾನೇಜರ್ ಕಿಟಕಿಯಾಚೆ ನೋಡುತ್ತ ಕೂತಿದ್ದ. ತಮ್ಮ, ಅಣ್ಣನೇ ಆಗಾಗ ತೆಗೆಯುತ್ತಿದ್ದ, ಕೆಲಸ ಬೇಗ ಮುಗಿಯಲಿ ಎಂದು, ಎಂದ. ಅಷ್ಟೇ. ಆಸ್ಪತ್ರೆಯ ಮಂಚದ ಹತ್ತಿರ ಹೋಗಿ ಅದೇ ಅಧಿಕಾರಿ ಅಣ್ಣನನ್ನು ಹೌದಾ ಎಂದು ಕೇಳಿದಾಗ, ಅಣ್ಣ ‘ಇರಬಹುದು’ ಎಂದನಂತೆ. ಸ್ವಂತ ಅಜಾಗರೂಕತೆ ಎಂದು ವರದಿಯಾಯಿತು. ಅಣ್ಣನ ಕೆಲಸ ಹೋಯಿತು; ರೈಲು ನಿಲ್ದಾಣದ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಹರಿದು ಕೊಡುವ ಕೆಲಸ ಸಿಕ್ಕಿತು. ಕೋಲು, ರೀಲು ಯಾರದೋ ಪಾಲಾದವು. ಎರಡು ವರ್ಷದ ಮೇಲೆ ತಮ್ಮ ಫೋರ್‌ಮನ್ ಆದ.

ಆಮೇಲೆ ಅಣ್ಣ ತಮ್ಮ ಎದುರುಬದುರಾಗಿದ್ದು ಬೆರಳೆಣಿಕೆಯಷ್ಟು ಸಲ. ಅಮ್ಮ ತೀರಿಕೊಂಡಾಗ, ಚಿಕ್ಕಪ್ಪನ ಮನೆಯ ಮದುವೆಯಲ್ಲಿ, ಒಮ್ಮೆ ಔಷಧಿ ಅಂಗಡಿಯಲ್ಲಿ. ಅಣ್ಣ ಬಲಗೈಯನ್ನು ಸದಾ ಕೋಟಿನ ಜೇಬಿನಲ್ಲಿ ಇಟ್ಟಿರುತ್ತಿದ್ದ. ‘ಚೆನ್ನಾಗಿದ್ದೀಯಾ?’ ‘ಚೆನ್ನಾಗಿದ್ದೀನಿ.’ ಅಲ್ಲಿಗೆ ಮುಗಿಯಿತು.

ಆದರೆ ಹಲ್ಲಿನಲ್ಲಿ ದಾರ ಕಚ್ಚಿ ಎಳೆಯುವ ಅಣ್ಣನ ಚಿತ್ರ ಫೋರ್‌ಮನ್ನನ ಕಣ್ಣಿಗೆ ಕಟ್ಟಿಬಿಟ್ಟಿತು. ರಜೆಯ ದಿನ ಮನೆಯಲ್ಲಿ ಏನೂ ಹೇಳದೆ ಸೇತುವೆಯ ಪಕ್ಕದ ಗಾಳದಂಗಡಿಗೆ ಹೋದ.

ಅಂಗಡಿಯ ತುಂಬ ರಬ್ಬರು, ಯಂತ್ರದೆಣ್ಣೆಯ ವಾಸನೆ. ಮೂಲೆಯಲ್ಲಿ ಕೋಲುಗಳು ಜೊಂಡಿನ ಹಾಗೆ ನಿಂತಿದ್ದವು. ಗಾಜಿನ ಮೇಜಿನ ಹಿಂದೆ ಐವತ್ತು ದಾಟಿದ ಅಂಗಡಿಯಾಕೆ ಯಾರದೋ ರೀಲು ಬಿಚ್ಚಿಟ್ಟುಕೊಂಡು ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಚಕ್ರದ ಹಲ್ಲು ಉಜ್ಜುತ್ತಿದ್ದಳು. ಒಳ್ಳೆಯ ರೀಲು ಬೇಕು, ಒಂದು ಕೈ ಸರಿಯಿಲ್ಲದವರಿಗೆ ಎಂದ. ಯಾರಿಗೆ ಎಂದಳು. ಅಣ್ಣನಿಗೆ ಎಂದ. ಅವಳ ಮುಖ ಮೆತ್ತಗಾಯಿತು. ಬ್ರಷ್ಷು ಕೆಳಗಿಟ್ಟು, ಕೈ ಒರೆಸಿಕೊಂಡು, ನಾಲ್ಕು ರೀಲು ತಂದು ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು.

ಮೊದಲನೆಯದು ಎಲ್ಲರೂ ಕೊಳ್ಳುವಂಥದ್ದು. ಕೋಲಿನ ಕೆಳಗೆ ನೇತಾಡುತ್ತದೆ, ಸುತ್ತುರುಳೆ ತಿರುಗುವುದಿಲ್ಲ, ದಾರ ತಾನೇ ಬಿಚ್ಚಿಕೊಂಡು ಹೋಗುತ್ತದೆ. ಆದರೆ ಎಸೆಯುವಾಗ ದಾರವನ್ನು ತೋರುಬೆರಳಿನಿಂದ ಹಿಡಿದುಕೊಂಡಿರಬೇಕು. ಎರಡನೆಯದು ಅಣ್ಣನ ಹತ್ತಿರವಿದ್ದಂಥ ಉರುಳೆ ರೀಲು, ಕೋಲಿನ ಮೇಲೆ ಕೂರುವುದು. ಮೂರನೆಯದಕ್ಕೆ ಮುಖದ ಮೇಲೆ ಲೋಹದ ಟೋಪಿ. ದಾರ ಅದರೊಳಗೆ ಅಡಗಿರುತ್ತದೆ, ಹಿಂದೆ ಒಂದು ಗುಂಡಿ. ಗುಂಡಿ ಒತ್ತಿ ಹಿಡಿ, ಬೀಸು, ಬಿಡು; ಮುಗಿಯಿತು, ಸಿಕ್ಕಾಗುವ ಮಾತೇ ಇಲ್ಲ. ನಾಲ್ಕನೆಯದಕ್ಕೆ ಬ್ಯಾಟರಿ, ಕೈಯಲ್ಲಿ ಸುತ್ತುವ ಕೆಲಸವೇ ಇಲ್ಲ, ಅದೇ ಸುತ್ತಿಕೊಳ್ಳುತ್ತದೆ. ಆದರೆ ಇಟ್ಟಿಗೆಯಷ್ಟು ಭಾರ, ದೋಣಿಯಲ್ಲಿ ಕೂತು ಆಳದ ಮೀನು ಹಿಡಿಯುವವರಿಗೆ ಸರಿ.

ಫೋರ್‌ಮನ್ ಬ್ಯಾಟರಿಯದರ ಮೇಲೆ ಕೈಯಿಟ್ಟ. ಎಲ್ಲಕ್ಕಿಂತ ದುಬಾರಿಯದು ಅದೇ. ಅಂಗಡಿಯಾಕೆ ತಲೆಯಾಡಿಸಿದಳು. ದುಬಾರಿಯದು ಎಂದು ಕೊಳ್ಳಬೇಡಿ, ದಡದ ಮೇಲೆ ಕೂತವರಿಗೆ ಅದು ಆನೆ ಸಾಕಿದ ಹಾಗೆ ಎಂದಳು. ಆಮೇಲೆ ಕೇಳಿದಳು:

“ಯಾವ ಕೈ?”

“ಬಲಗೈ.”

“ಎಷ್ಟು ಉಳಿದಿದೆ?”

ಫೋರ್‌ಮನ್ನನಿಗೆ ಪ್ರಶ್ನೆ ಅರ್ಥವಾಗಲಿಲ್ಲ.

“ಅಲ್ಲ, ಕೈ ಎಷ್ಟು ಉಳಿದಿದೆ? ಮಣಿಕಟ್ಟಿನವರೆಗಾ, ಅಂಗೈ ಇದೆಯಾ, ಹೆಬ್ಬೆಟ್ಟಿದೆಯಾ? ಅದರ ಮೇಲೇ ಎಲ್ಲಾ ನಿಂತಿರೋದು. ಹೆಬ್ಬೆಟ್ಟಿದ್ರೆ ಒಂದು ಲೆಕ್ಕ, ಇಲ್ದಿದ್ರೆ ಬೇರೆ ಲೆಕ್ಕ.”

ಅವನು ಬ್ಯಾಟರಿಯ ರೀಲಿನಿಂದ ಕೈ ತೆಗೆದ. ಒಡಹುಟ್ಟಿದವನ ಕೈಯಲ್ಲಿ ಎಷ್ಟು ಬೆರಳಿವೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಕೋಟಿನ ಜೇಬು ಗೊತ್ತಿತ್ತು. ಜೇಬಿನ ಬಟ್ಟೆ ಹೇಗೆ ಉಬ್ಬಿರುತ್ತಿತ್ತು ಎಂಬುದೂ ಗೊತ್ತಿತ್ತು. ಒಳಗಿನದು ಗೊತ್ತಿರಲಿಲ್ಲ. ಕೇಳಿಕೊಂಡು ಬರುತ್ತೇನೆ ಎಂದು ಹೇಳಿ ಮೆಟ್ಟಿಲಿಳಿದ. ಅಂಗಡಿಯಾಕೆ ಮತ್ತೆ ಬ್ರಷ್ಷು ಕೈಗೆತ್ತಿಕೊಂಡಳು.

ಆ ಸಂಜೆ ಹೆಂಡತಿಯನ್ನು ಕೇಳಿದ. ಎತ್ತಲೋ ನೋಡುತ್ತ, ಹವಾಮಾನ ವಿಚಾರಿಸಿದ ಹಾಗೆ ಕೇಳಿದ. ಮಗಳ ಯೂನಿಫಾರಂಗೆ ಗುಂಡಿ ಹೊಲಿಯುತ್ತಿದ್ದ ಹೆಂಡತಿ ಸೂಜಿ ನಿಲ್ಲಿಸಿ ಅವನನ್ನು ದಿಟ್ಟಿಸಿದಳು.

“ಹೆಬ್ಬೆಟ್ಟಿದೆ, ಕಿರುಬೆರಳಿದೆ. ನಡುವಿನ ಮೂರಿಲ್ಲ,” ಎಂದಳು. “ಹನ್ನೊಂದು ವರ್ಷ ಬೇಕಾಯ್ತಾ ರೀ ಇದನ್ನ ಕೇಳೋಕೆ?”

ಆಗ ತಿಳಿಯಿತು, ಹದಿನೈದು ದಿನಕ್ಕೊಮ್ಮೆ ಮಂಗಳವಾರ ಅವಳು ಅಣ್ಣನ ಮನೆಗೆ, ಅತ್ತಿಗೆಯ ಹತ್ತಿರ ಹೋಗುತ್ತಾಳೆ ಎಂದು. ಅತ್ತಿಗೆ ಅಂಗಿಗಳಿಗೆ ಕಾಲರು ಹೊಲಿದುಕೊಡುತ್ತಾಳೆ; ಇವಳು ಕೂತು ಕಾಜಾ ಹಾಕಿಕೊಡುತ್ತಾಳೆ. ತವರಿನಲ್ಲಿ ಯಾರೂ ಇಲ್ಲದ ತನಗೆ ಅವರೇ ಅಕ್ಕ, ಅವರೇ ಅಮ್ಮ ಎಂದಳು. ಗಂಡನಿಗೆ ಹೇಳಿರಲಿಲ್ಲ, ಯಾಕೆಂದರೆ ಆ ಮನೆಯ ಹೆಸರೆತ್ತಿದರೆ ಅವನ ಮುಖ ಸುಟ್ಟ ಬದನೆಕಾಯಿಯಾಗುತ್ತಿತ್ತು. ಒಂದೇ ಒಂದು ಬೇಜಾರು ಎಂದಳು. ಅತ್ತಿಗೆ ಭಾವನನ್ನು ಚುಚ್ಚಿ ಮಾತಾಡುತ್ತಾರೆ. ಆತುರಗಾರ, ನಾಲ್ಕು ಮುಚ್ಚಳ ಹೆಚ್ಚಿಗೆ ಒತ್ತಿ ಶಾಭಾಸ್ ಅನ್ನಿಸಿಕೊಳ್ಳಲು ಹೋಗಿ ಕೈ ಕೊಟ್ಟುಬಂದ, ನನ್ನ ಬಾಳನ್ನೂ ಪ್ರೆಸ್ಸಿಗೆ ಹಾಕಿದ ಎಂದು. ಭಾವ ತುಟಿ ಪಿಟಕ್ಕೆನ್ನದೆ ಕೇಳಿಸಿಕೊಂಡಿರುತ್ತಾರೆ.

ಫೋರ್‌ಮನ್ ಎದ್ದು ಹೋಗಿ ಮುಖ ತೊಳೆದುಕೊಂಡ. ಮತ್ತೆ ಬಂದು ಮತ್ತೆ ತೊಳೆದುಕೊಂಡ.

ಎರಡನೆಯ ಸಲ ಅಂಗಡಿಗೆ ಹೋದಾಗ ನಾಲ್ಕರಲ್ಲಿ ಎರಡು ತಾನಾಗಿ ಹಿಂದೆ ಸರಿದವು. ತೋರುಬೆರಳಿಲ್ಲದ ಕೈಗೆ ಮೊದಲನೆಯದು ಬೇಡ. ಬ್ಯಾಟರಿಯದು ಮೊದಲೇ ಬೇಡ. ಉಳಿದದ್ದು ಗುಂಡಿಯದು ಮತ್ತು ಉರುಳೆಯದು. ಗುಂಡಿ ಒತ್ತಲು ಹೆಬ್ಬೆಟ್ಟು ಸಾಕು, ಇವತ್ತು ಕೊಟ್ಟರೆ ಇವತ್ತೇ ಎಸೆಯಬಹುದು ಎಂದಳು ಅಂಗಡಿಯಾಕೆ. ಉರುಳೆಯದರಲ್ಲಿ ಎಡಗೈಯಲ್ಲಿ ತಿರುಗಿಸುವ ಹಿಡಿಯಿರುವಂಥದ್ದು ಒಂದಿದೆ. ಬಲಗೈ ಕೋಲನ್ನು ಅಂಗೈಯಲ್ಲಿ ಅವಚಿಕೊಂಡರೆ ಸಾಕು, ಹೆಬ್ಬೆಟ್ಟು ಉರುಳೆಯ ಮೇಲೆ, ಎಡಗೈ ಹಿಡಿಯ ಮೇಲೆ. ಆದರೆ ಕಷ್ಟ. ಮೂರು ಬೆರಳಿಲ್ಲದ ಹಿಡಿತ ಜಾರುತ್ತದೆ; ಮೊದಮೊದಲು ದಾರವೆಲ್ಲ ಸಿಕ್ಕಾಗಿ ಅಳು ಬರುತ್ತದೆ.

ಹಾಗಾದರೆ ಗುಂಡಿಯದೇ ಕೊಡಿ ಎಂದ ಫೋರ್‌ಮನ್.

“ಮೊದಲು ಯಾವ ರೀಲಿತ್ತು ಅವರ ಹತ್ರ?”

“ಉರುಳೇದು.”

“ಚೆನ್ನಾಗಿ ಎಸೀತಿದ್ರಾ?”

“ಊರಲ್ಲಿ ಅವನಷ್ಟು ಚೆನ್ನಾಗಿ ಎಸೆಯೋರು ಇರಲಿಲ್ಲ.”

ಅವಳು ಗುಂಡಿಯ ರೀಲನ್ನು ಎತ್ತಿ ಪಕ್ಕಕ್ಕಿಟ್ಟಳು. “ಇದನ್ನ ಕಲಿಯೋ ಮಕ್ಕಳಿಗೆ ಕೊಡ್ತೀವಿ. ಇದು ಕೆಟ್ಟದ್ದಲ್ಲ. ಆದ್ರೆ ಕುದುರೆ ಓಡಿಸಿದವರನ್ನ ಮರದ ಕುದುರೆ ಮೇಲೆ ಕೂರಿಸಿದ ಹಾಗೆ. ಕೆಲವರು ಸಂತೋಷವಾಗಿ ಕೂರ್ತಾರೆ, ಮೀನು ಸಿಕ್ಕರೆ ಸಾಕು ಅಂತ. ಕೆಲವರು ಸತ್ತರೂ ಕೂರಲ್ಲ. ನಿಮ್ಮಣ್ಣ ಎಂಥವರು?”

ಹನ್ನೊಂದು ವರ್ಷದ ಹಿಂದಿನ ಅಣ್ಣ ಎಂಥವನು ಎಂದು ಕೇಳಿದ್ದರೆ ಹೇಳಬಹುದಿತ್ತು. ದಿನವಿಡೀ ಚೀಟಿ ಹರಿದು, ಮನೆಯಲ್ಲಿ ಹೆಂಡತಿಯ ಬೈಗುಳ ಕೇಳಿ, ಬಂಡೆಯ ಮೇಲೆ ಕೂತು ಹಲ್ಲಿನಲ್ಲಿ ದಾರ ಎಳೆಯುವ ಈ ಮನುಷ್ಯ ಎಂಥವನೋ ಅವನೇನು ಬಲ್ಲ? ಬಹಳ ಹೊತ್ತು ಎರಡೂ ರೀಲುಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತ. ಕಡೆಗೆ ಎಡಗೈ ಹಿಡಿಯ ಉರುಳೆ ರೀಲು, ಅದಕ್ಕೊಪ್ಪುವ ಮೋಟು ಕೋಲು ತೆಗೆದುಕೊಂಡ. ಅಂಗಡಿಯಾಕೆ ಹೊಸ ತಂಗೂಸಿಯನ್ನು ಅಳ್ಳಕವಾಗದ ಹಾಗೆ ಸುತ್ತಿ, ಡಬ್ಬಿಗೆ ಹಾಕಿ, “ತಮ್ಮ ಅಂದ್ರೆ ನಿಮ್ಮಂಥವರಿರಬೇಕು” ಎಂದಳು. ಹೊರಗೆ ಬಂದ ಮೇಲೂ ಆ ಮಾತು ಅಂಗಾಲಿಗೆ ಹೊಕ್ಕ ಮುಳ್ಳಿನ ಹಾಗೆ ಅವನ ಜೊತೆಗೇ ನಡೆದು ಬಂತು.

ಅಣ್ಣನ ಮನೆ ಸೈಕಲ್ ಸ್ಟ್ಯಾಂಡಿನ ಹಿಂದೆಯೇ, ಎರಡು ಕೋಣೆ. ಮಧ್ಯಾಹ್ನದ ಹೊತ್ತು. ಅತ್ತಿಗೆ ಬಾಗಿಲ ಬೆಳಕಿಗೆ ಹೊಲಿಗೆ ಯಂತ್ರ ಹಾಕಿಕೊಂಡು ಕಾಲರು ಕತ್ತರಿಸುತ್ತಿದ್ದಳು. ಇವನನ್ನು ಕಂಡು ಹುಬ್ಬೇರಿಸಿದಳು. ಆದರೂ ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿ ಜಾಗ ಮಾಡಿದಳು, ನೀರು ಕೊಟ್ಟಳು. ಅಣ್ಣ ಒಳಗಿನಿಂದ ಬಂದ. ಮನೆಯಲ್ಲಿ ಕೋಟಿರಲಿಲ್ಲ, ಆದ್ದರಿಂದ ಜೇಬೂ ಇರಲಿಲ್ಲ. ಕೈ ಹಾಗೇ ಪಕ್ಕದಲ್ಲಿ ಇಳಿಬಿದ್ದಿತ್ತು. ಫೋರ್‌ಮನ್ ನೋಡಿದ. ಹೆಬ್ಬೆಟ್ಟು, ಆಮೇಲೆ ಹೊಳೆಯುವ ನಯವಾದ ಚರ್ಮದ ಒಂದು ಇಳಿಜಾರು, ಅದರ ಕೊನೆಗೆ ಒಂಟಿ ಕಿರುಬೆರಳು.

ಮಾತಿಗೆ ಮೊದಲೇ ಡಬ್ಬಿಯನ್ನು ಮುಂದೆ ಚಾಚಿದ. ಅಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಲ್ಲಿ ತೆರೆದ. ರೀಲನ್ನು ಎತ್ತಿ ಬೆಳಕಿಗೆ ಹಿಡಿದ. ಹಿಡಿ ತಿರುಗಿಸಿ ಕಿವಿಯ ಹತ್ತಿರ ತಂದು ಕೇಳಿದ. ಆಮೇಲೆ ಬಲಗೈಯ ಹೆಬ್ಬೆಟ್ಟನ್ನು ಉರುಳೆಯ ಮೇಲೆ ಇಟ್ಟ. ಬಿಟ್ಟ, ತಡೆದ, ಬಿಟ್ಟ, ತಡೆದ. ಉರುಳೆ ಅವನ ಮಾತು ಕೇಳಿತು. ಅಣ್ಣನ ಮುಖದಲ್ಲಿ ಒಂದು ಗಳಿಗೆ ಆ ಹಳೆಯ ಕೊಕ್ಕರೆ ಬಂದು ನಿಂತ ಹಾಗಾಯಿತು.

“ಎಡಗೈದು,” ಎಂದ. “ಯೋಚನೆ ಮಾಡಿ ತಂದಿದ್ದೀಯ.”

ಫೋರ್‌ಮನ್ನನ ಎದೆ ಹಗುರಾಯಿತು. ಗುಂಡಿಯದು ಬೇಡವೆಂದು ಹೇಗೆ ತೀರ್ಮಾನ ಮಾಡಿದೆ, ಬ್ಯಾಟರಿಯದು ಎಷ್ಟು ಭಾರ, ಎಲ್ಲವನ್ನೂ ಗಡಬಡಿಸಿ ಹೇಳಿದ. ಅಣ್ಣ ಕೇಳಿಸಿಕೊಂಡ. ಆಮೇಲೆ, ರೀಲಿನಿಂದ ಕಣ್ಣು ತೆಗೆಯದೆ, ಕಾರ್ಖಾನೆ ಹೇಗೆ ನಡೆಯುತ್ತಿದೆ ಎಂದು ವಿಚಾರಿಸಿದ. ಚೆನ್ನಾಗಿ ನಡೆಯುತ್ತಿದೆ ಎಂದ ಫೋರ್‌ಮನ್.

“ಆ ಪ್ರೆಸ್ಸಿಗೆ ಈಗ ಗಾರ್ಡ್ ಇದೆಯಾ?”

“ಇದೆ.”

“ಯಾವಾಗಲೂ ಇರುತ್ತಾ?”

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಕೈ ಕಣ್ಣೆದುರಿಗಿತ್ತು. “ತಿಂಗಳ ಕೊನೇ ವಾರ ಆರ್ಡರ್ ಜಾಸ್ತಿ ಇದ್ರೆ… ಸ್ವಲ್ಪ ದಿನ ಸೆಟ್ಟರ್ ಕೈಲಿ ತೆಗೆಸ್ತೀವಿ.”

ಕತ್ತರಿಯ ಸದ್ದು ನಿಂತಿತು. ಅತ್ತಿಗೆ ಬಟ್ಟೆಯಿಂದ ತಲೆ ಎತ್ತಿದ್ದಳು.

“ಗಾರ್ಡು ತೆಗೆಯೋದು ಸೆಟ್ಟರ್ ಕೆಲಸಾನಾ?” ಎಂದು ಕೇಳಿದಳು. “ಪ್ರೆಸ್ ನಡೆಸೋನು ತಾನೇ ತೆಗೆಯೋಕಾಗಲ್ವಾ?”

‘ಬಿಡು ಆ ವಿಷಯ, ಟೀ ಮಾಡು’ ಎಂದ ಅಣ್ಣ. ಅವಳು ಏಳಲಿಲ್ಲ.

“ನಿಮ್ಮನ್ನೇ ಕೇಳ್ತಿರೋದು,” ಎಂದಳು ಫೋರ್‌ಮನ್ನನಿಗೆ. “ಆ ಬೋಲ್ಟು ಬಿಚ್ಚೋಕೆ ಪ್ರೆಸ್ ನಡೆಸೋನ ಹತ್ರ ಸ್ಪ್ಯಾನರ್ ಇರುತ್ತಾ?”

“ಇಲ್ಲ ಅತ್ತಿಗೆ.”

“ಆ ವರ್ಷ ಸೆಟ್ಟರ್ ಯಾರಿದ್ರು?”

ಅವಳಿಗೆ ಗೊತ್ತಿತ್ತು. ಅವನು ಸೆಟ್ಟರ್ ಆದ ದಿನ ಇದೇ ಅತ್ತಿಗೆ ಕೈಯಾರೆ ಹೊಲಿದ ಅಂಗಿ ಕೊಟ್ಟಿದ್ದಳು. ಆದರೂ ಅವನ ಬಾಯಿಂದಲೇ ಬರಲಿ ಎಂದು ಕಾದಳು.

“ನಾನು.”

“ಗಾರ್ಡು?”

“ಮ್ಯಾನೇಜರ್ ಹೇಳಿದ್ದಕ್ಕೆ ಅತ್ತಿಗೆ, ಅವರು ಕರೆದು…”

“ಹೇಳಿದ ಬಾಯಿ ಯಾರದು ಅಂತ ಕೇಳಲಿಲ್ಲ. ತೆಗೆದ ಕೈ ಯಾರದು?”

“ನಂದು.”

ಹೊರಗೆ ಸ್ಟ್ಯಾಂಡಿನಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿ ಚೀಟಿಗಾಗಿ ಕರೆಯುತ್ತಿದ್ದರು. ಅಣ್ಣ ಏಳಲಿಲ್ಲ. ಅತ್ತಿಗೆ ಫೋರ್‌ಮನ್ನನನ್ನು ಬೈಯುತ್ತಾಳೆ, ಅಟ್ಟಿಸಿಕೊಂಡು ಬರುತ್ತಾಳೆ ಎಂದು ಅವನು ಕಾದ. ಅವಳು ಅವನ ಕಡೆ ನೋಡಲೂ ಇಲ್ಲ. ಗಂಡನ ಕಡೆ ತಿರುಗಿದಳು.

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ಆ ಅಧಿಕಾರಿಗೆ ‘ಇರಬಹುದು’ ಅಂದ್ರಾ?”

ಅಣ್ಣ ನಿಧಾನವಾಗಿ, ಯಾವುದೋ ಹಳೆಯ ಯಂತ್ರದ ಕೆಲಸ ವಿವರಿಸುವ ಹಾಗೆ ಹೇಳಿದ. ಆಗ ಇವನ ಹೆಂಡತಿಗೆ ಏಳು ತಿಂಗಳು. ನನ್ನ ಕೈ ಹೇಗೂ ಹೋಗಿತ್ತು, ಇವನ ಕೆಲಸವೂ ಹೋಗಿ ಏನಾಗಬೇಕು ಅನ್ನಿಸಿತು. ಮಗು ಹುಟ್ಟಲಿ, ಆಮೇಲೆ ಇವನೇ ಬಂದು ಹೇಳುತ್ತಾನೆ ಎಂದುಕೊಂಡೆ. ಮಗು ಹುಟ್ಟಿತು. ನಡೆಯಿತು. ಶಾಲೆಗೂ ಸೇರಿತು. “ಕಾದೆ. ಕಾದು ಕಾದು ಅದೇ ಅಭ್ಯಾಸ ಆಗೋಯ್ತು.”

“ನನಗೊಬ್ಬಳಿಗೆ ಹೇಳಬಹುದಿತ್ತು.”

“ಹೇಳಿದ್ರೆ ನೀನು ಸುಮ್ಮನಿರ್ತಿದ್ಯಾ?”

“ನಾನು ನಿಮ್ಮನ್ನ ಏನೇನಂದಿಲ್ಲ!” ಅವಳ ದನಿ ಅಲ್ಲಿ ಒಡೆಯಿತು. “ಬಂದೋರು ಹೋದೋರ ಮುಂದೆ ಅಂದೆ. ನಿಮ್ಮಮ್ಮ ಸಾಯೋವಾಗ ಅವರ ಮುಂದೆ ಅಂದೆ. ಕೇಳ್ಕೊಂಡು ಕೂತಿದ್ರಿ. ತಮ್ಮನಿಗೆ ಒಳ್ಳೆಯವರಾಗೋಕೆ ಹೋಗಿ ನನ್ನನ್ನ ಕೆಟ್ಟವಳು ಮಾಡಿದ್ರಿ.”

ಕತ್ತರಿಸಿಟ್ಟ ಕಾಲರುಗಳನ್ನೆಲ್ಲ ಬಾಚಿ ಬುಟ್ಟಿಗೆ ಹಾಕಿ, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಗುಳಿ ಬಿದ್ದ ಸದ್ದು ಕೇಳಿತು. ಅಣ್ಣ ಆ ಬಾಗಿಲನ್ನು ನೋಡುತ್ತ ಕೂತ. ಹನ್ನೊಂದು ವರ್ಷ ಬೈಸಿಕೊಂಡಾಗ ಅವನ ಮುಖ ಹೇಗಿತ್ತೋ ಫೋರ್‌ಮನ್ನನಿಗೆ ಗೊತ್ತಿಲ್ಲ. ಆದರೆ ಈಗ, ಬೈಗುಳ ನಿಂತ ಮೇಲೆ, ಅದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

ಫೋರ್‌ಮನ್ ಎದ್ದು ನಿಂತ. “ಅಣ್ಣಾ, ನನ್ನ…” ಎಂದು ಶುರುಮಾಡಿದ.

“ಬೇಡ,” ಎಂದ ಅಣ್ಣ. “ಕ್ಷಮಿಸು ಅಂತ ಮಾತ್ರ ಕೇಳಬೇಡ. ಕೇಳಿದ್ರೆ ಕ್ಷಮಿಸಿಬಿಡ್ತೀನಿ, ನನ್ನ ಬುದ್ಧಿ ನನಗೆ ಗೊತ್ತು. ಅಷ್ಟು ಸುಲಭಕ್ಕೆ ನಿನ್ನ ಬಿಡೋಕೆ ನನಗಿಷ್ಟ ಇಲ್ಲ.”

ಫೋರ್‌ಮನ್ನನ ಕಣ್ಣು ಡಬ್ಬಿಯ ಮೇಲೆ ಹೋಯಿತು. ಅದನ್ನು ವಾಪಸ್ಸು ಕೊಡುತ್ತಾನೇನೋ ಎಂದುಕೊಂಡ. ಅಣ್ಣ ಅದನ್ನು ಗಮನಿಸಿದ.

“ಇಟ್ಕೋತೀನಿ. ರೀಲಿನ ತಪ್ಪೇನಿದೆ? ಒಳ್ಳೇ ರೀಲು. ನೀನು ಹೊರಡು.”

ಫೋರ್‌ಮನ್ ಮನೆಗೆ ಬಂದು ಹೆಂಡತಿಗೆ ಏನೂ ಹೇಳಲಿಲ್ಲ. ಹೇಳಬೇಕು ಎಂದುಕೊಂಡ, ನಾಳೆ ಎಂದುಕೊಂಡ. ನಾಳೆ ನಾಳೆ ಎನ್ನುತ್ತಿರುವಾಗಲೇ ಮಂಗಳವಾರ ಬಂತು. ಅವಳು ಎಂದಿನ ಹಾಗೆ ಕೈಚೀಲದಲ್ಲಿ ಸೂಜಿ, ಗುಂಡಿ, ಬಿಸ್ಕತ್ತಿನ ಪೊಟ್ಟಣ ಹಾಕಿಕೊಂಡು ಹೋದವಳು ಅರ್ಧ ಗಂಟೆಗೆ ವಾಪಸ್ಸು ಬಂದಳು. ಅಂದು ಅವನಿಗೆ ಮಧ್ಯಾಹ್ನದ ಪಾಳಿ, ಮನೆಯಲ್ಲೇ ಇದ್ದ. ಅತ್ತಿಗೆ ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಹೇಳಿದ್ದಳು. ಕೂಗಾಡಲಿಲ್ಲವಂತೆ. ‘ನಿನ್ನ ತಪ್ಪಿಲ್ಲ ಕಣಮ್ಮ. ಆದ್ರೆ ನಿನ್ನ ಮುಖ ನೋಡಿದ್ರೆ ನನ್ನ ಬಾಯಿಂದ ಬಂದ ಮಾತೆಲ್ಲ ನೆನಪಾಗುತ್ತೆ. ಇನ್ನು ಬರಬೇಡ’ ಎಂದಳಂತೆ.

ಹೆಂಡತಿ ಕೈಚೀಲವನ್ನು ಮೊಳೆಗೆ ತಗುಲಿಸಿದಳು.

“ನನ್ನ ಹೊಟ್ಟೆ ನೋಡಿ ಭಾವ ಸುಮ್ಮನಾದರಂತೆ,” ಎಂದಳು. “ನೀವು ಏನು ನೋಡಿ ಆ ಸುಳ್ಳು ಹೇಳಿದ್ರಿ?”

ಅವನು ಹೆದರಿಕೆ ಎಂದ. ಅವಳು ಅದು ತನಗೆ ಅರ್ಥವಾಗುತ್ತದೆ ಎಂದಳು. ಹೇಳಿದ ದಿನದ ಹೆದರಿಕೆ ಅರ್ಥವಾಗುತ್ತದೆ, ಮಾರನೆಯ ದಿನದ್ದೂ ಅರ್ಥವಾಗುತ್ತದೆ. ಉಳಿದ ಹನ್ನೊಂದು ವರ್ಷದ್ದು ಅರ್ಥವಾಗುವುದಿಲ್ಲ ಎಂದಳು. ಆಮೇಲೆ ಅವಳು ಜಗಳವಾಡಲಿಲ್ಲ, ಮನೆ ಬಿಟ್ಟೂ ಹೋಗಲಿಲ್ಲ. ಅಡುಗೆ ಮಾಡಿದಳು, ಮಗಳಿಗೆ ಪಾಠ ಹೇಳಿಕೊಟ್ಟಳು. ಅವನೊಡನೆ ಬೇಕಾದಷ್ಟೇ ಮಾತು, ಅಳೆದು ಸುರಿದ ಹಾಗೆ. ಮಂಗಳವಾರಗಳಲ್ಲಿ ಮಾತ್ರ ಏನು ಮಾಡುವುದೆಂದು ತೋಚದೆ, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು.

ಕಾರ್ಖಾನೆಯಲ್ಲಿ ಅವನು ಒಂದು ಒಳ್ಳೆಯ ಕೆಲಸ ಮಾಡಲು ಹೊರಟದ್ದು ನಿಜ. ಆ ತಿಂಗಳ ಕೊನೆಗೆ ಗಾರ್ಡು ತೆಗೆಯಬಾರದು ಎಂದ. ಮ್ಯಾನೇಜರ್ ಹುಬ್ಬು ಗಂಟಿಕ್ಕಿದ. ಮುಂದಿನ ತಿಂಗಳೂ ತೆಗೆಸಲಿಲ್ಲ. ಆಗ ಮ್ಯಾನೇಜರ್ ಕರೆದು ಕೂರಿಸಿ, ಮುಚ್ಚಳದ ಲೆಕ್ಕ ಕಡಿಮೆಯಾಗುತ್ತಿದೆ, ಮೇಲಿನವರು ಹೊಸ ಫೋರ್‌ಮನ್ ಹುಡುಕುವ ಮಾತಾಡುತ್ತಿದ್ದಾರೆ ಎಂದ. ‘ಯೋಚನೆ ಮಾಡು’ ಎಂದ. ಮೂರನೆಯ ತಿಂಗಳ ಕೊನೆಯ ವಾರ ಸೆಟ್ಟರ್ ಸ್ಪ್ಯಾನರು ಹಿಡಿದು ಬಂದು, ಏನು ಮಾಡಲಿ ಸಾರ್ ಎಂದು ಕೇಳಿದ. ಫೋರ್‌ಮನ್ ತೆಗೆ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಟೀ ಕುಡಿದು ಬರುತ್ತೇನೆ ಎಂದು ಹೊರಗೆ ಹೋದ. ಬರುವ ಹೊತ್ತಿಗೆ ಜಾಲರಿ ಗೋಡೆಗೆ ಒರಗಿ ನಿಂತಿತ್ತು. ಪ್ರೆಸ್ಸಿನ ಮುಂದೆ ಕೂತಿದ್ದವಳು ಇಬ್ಬರು ಮಕ್ಕಳ ತಾಯಿ. ಅವಳ ಕೈಗಳು ಒಳಗೆ ಹೊರಗೆ, ಒಳಗೆ ಹೊರಗೆ ಆಡುತ್ತಿದ್ದವು. ಅವನು ಅವಳ ಬೆನ್ನ ಹಿಂದಿನಿಂದ ಹಾದು ತನ್ನ ಕೋಣೆಗೆ ಹೋದ.

ಆ ವಾರವೇ, ಊಟದ ಹೊತ್ತಿನಲ್ಲಿ, ಹೊಸದಾಗಿ ಸೇರಿದ ಲೇತ್ ಕೆಲಸದವನೊಬ್ಬ ಬುತ್ತಿ ಬಿಚ್ಚುತ್ತ ಒಡ್ಡಿನ ಹತ್ತಿರ ತಾನು ಕಂಡದ್ದನ್ನು ವರ್ಣಿಸತೊಡಗಿದ. ಯಾರೋ ಒಬ್ಬ ವಯಸ್ಸಾದವರು, ಬಲಗೈಯಲ್ಲಿ ಎರಡೇ ಬೆರಳು. ಉರುಳೆ ರೀಲು ಹಿಡಿದು ಎಸೆಯುತ್ತಾರೆ ನೋಡಿ, ಕೈ ಇದ್ದವರು ಮೂಗಿನ ಮೇಲೆ ಬೆರಳಿಡಬೇಕು. ಮೊದಮೊದಲು ಬಂದಾಗೆಲ್ಲ ಸಿಕ್ಕು ಬಿಡಿಸುತ್ತಲೇ ಕೂತಿರುತ್ತಿದ್ದರಂತೆ, ಈಗ ಬಿಟ್ಟ ಬಾಣ. ಒಂಟಿ ಮನುಷ್ಯ, ಯಾರ ಜೊತೆಯೂ ಮಾತಿಲ್ಲ. ರಜೆಯ ದಿನ ಬೆಳಗ್ಗೆ ಬಂದರೆ ಕತ್ತಲಾಗುವವರೆಗೂ ಮನೆ ಕಡೆ ಹೋಗುವುದೇ ಇಲ್ಲ.

“ಕೈ ಹೇಗೆ ಹೋಯ್ತು ಅಂತ ಕೇಳಿದೆ,” ಎಂದ ಲೇತಿನವನು. “ಕಾರ್ಖಾನೇಲಿ ಅಂದ್ರು, ಅಷ್ಟೇ. ಇದೇ ಕಾರ್ಖಾನೇನಾ ಸಾರ್? ನಿಮಗೆ ಗೊತ್ತಾ ಅವರು?”

ಸುತ್ತ ಕೂತವರೆಲ್ಲ ಹೊಸಬರೇ. ಹಳಬರು ಒಬ್ಬೊಬ್ಬರಾಗಿ ಹೋಗಿದ್ದರು. ಫೋರ್‌ಮನ್ ಬಾಯಲ್ಲಿದ್ದ ತುತ್ತನ್ನು ಅಗಿದು, ನುಂಗಿ, ನೀರು ಕುಡಿದ.

“ನೋಡಿದ್ದೀನಿ,” ಎಂದ.